ತಲೆ ತಗ್ಗಿಸಿದ ಯಜಮಾನ

ತಾಳವಾಡಿಯಲ್ಲಿ ಸತ್ಯಮಂಗಲದ ಬಸ್ಸಿಗೆ ಕಾಯುತ್ತಿದ್ದ ಶಿವನಂಜಮ್ಮನ ಕಿವಿಗೆ ಪಕ್ಕದಲ್ಲಿ ಕೂತವರ ಮಾತು ಬಿತ್ತು. ಒಬ್ಬ ಕಾಡಿನ ಪೋಡಿನ, ಅಂದರೆ ಹಾಡಿಯ, ಯಜಮಾನ ದೊಡ್ಡಮಾದ, ಇನ್ನೊಬ್ಬ ಅವನ ಅಳಿಯ ಕೆಂಪ.

“ಮದರಾಸಿಂದ ಕಾನೂನು ಮಾಡೋ ಸಟ್ಟಸಭೆ ಕಮಿಟಿಯೋರು ಬಂದಿದ್ರಂತಲ್ಲ, ಏನ್ ಕೇಳುದ್ರು ಮಾವ?”

“ಕಾಡಿನ ಜೇನೆಲ್ಲ ಕಂಪನಿಗೆ ಬುಟ್ಕೊಡಕ್ಕೆ ಒಸ ಕಾನೂನು ಮಾಡ್ತಾರಂತೆ. ಬ್ಯಾಡ ಅನ್ನೋರು ಬಾಯಿ ಬುಡಿ ಅಂದ್ರು.”

“ನೀ ಏನಂದೆ?”

“ತಲೆ ತಗ್ಗುಸ್ಕಂಡು ಕೂತೆ. ನಮ್ಮೋರೆಲ್ಲ ಅಂಗೇ ಕೂತ್ರು.”

“ಅಷ್ಟೇ ಸಾಕು ಬುಡು. ಎಣ್ಣು ಕೇಳಕ್ ಬಂದೋರ್ಗೂ ನಾವು ಅಂಗೇ ತಾನೆ ಒಲ್ಲೆ ಅನ್ನದು.”

“ಮತ್ತೆ? ಬಂದೋರ ಮುಕ ನೋಡ್ಕಂಡು ಇಲ್ಲ ಅನ್ನಕಾದದಾ?”

ಶಿವನಂಜಮ್ಮ ಅವರತ್ತ ತಿರುಗಿದಳು. ಆ ಸಭೆಗೆ ಹೋಗಿದ್ದ ಅವಳ ಗಂಡ ಮನೆಗೆ ಬಂದು ಹೇಳಿದ್ದ: “ಒಬ್ರೂ ಬಾಯಿ ಬುಡ್ನಿಲ್ಲ ಕಣಮ್ಮಿ. ಕಾಡೋರೆಲ್ಲ ಮಸೂದೆ ಒಪ್ಪವ್ರೆ ಅಂತ ಕಮಿಟಿಯೋರು ಬರ್ಕಂಡ್ರು.”

“ಅವ್ರಿಗೆ ತಿಳೀತಾ ಮಾವ?” ಎಂದ ಕೆಂಪ.

“ತಿಳೀದೆ ಏನ್ಲಾ? ಎಣ್ಣು ಸಿಗದೋರಂಗೆ ಎದ್ದು ಕೈ ಮುಗುದು ಒಂಟೋದ್ರು.”

ಇಬ್ಬರೂ ಎದ್ದು ಕಾಡಿನ ದಾರಿ ಹಿಡಿದರು. ಹೇಳಲೆಂದು ಶಿವನಂಜಮ್ಮ ಏಳುವಷ್ಟರಲ್ಲಿ ಅವರು ದೂರ ಹೋಗಿದ್ದರು. ತಿರುವಿನಿಂದ ಯಜಮಾನನ ದನಿ ಕೇಳಿಸಿತು:

“ಪಾಪ, ಅಷ್ಟು ದೂರದಿಂದ ಬಂದಿದ್ರು ಕಣ್ಲಾ. ಬೇಜಾರು ಮಾಡ್ಕಂಡ್ರೋ ಏನೋ.”