ಹತ್ತು ಹೆಜ್ಜೆಯ ಗುಟ್ಟು

ಕೈಗೆ ಪಟ್ಟಿ ಕಟ್ಟಿಸಿಕೊಂಡ ದರ್ಜಿ ಆಸ್ಪತ್ರೆಯ ಬಾಗಿಲ ಬಳಿಯ ಬೆಂಚಿನಲ್ಲಿ ತನ್ನ ಪಾಡಿಗೆ ತಾನು ಕೂತಿದ್ದ. ಪಕ್ಕದಲ್ಲೇ ಗಾಲಿಕುರ್ಚಿಯ ಅಜ್ಜಿಯೂ ಅವಳ ಸೊಸೆಯೂ ಮನೆಗೆ ಬಿಡುವ ಆಸ್ಪತ್ರೆಯ ವ್ಯಾನಿಗಾಗಿ ಕಾಯುತ್ತಿದ್ದರು.

“ಅತ್ತೆ, ಇವತ್ತು ಹತ್ತು ಹೆಜ್ಜೆ ನಡೆದ್ರಲ್ಲ!”

“ಮೆಲ್ಲಗೆ ಮಾತಾಡೇ. ಊರಿಗೆಲ್ಲ ಡಂಗುರ ಸಾರ್ಬೇಡ.”

“ಖುಷಿ ವಿಷಯ ತಾನೆ?”

“ನಡೆಯೋರಿಗೆ ಕುರ್ಚಿ ಎತ್ತೋ ಲಿಫ್ಟ್ ಇರೋ ವ್ಯಾನ್ ಕೊಡಲ್ಲ. ಎದುರುಮನೆಯವಳು ನಾಲ್ಕು ಹೆಜ್ಜೆ ಇಟ್ಟಿದ್ದೇ ತಡ, ಬಸ್ಸಲ್ಲಿ ಬಾ ಅಂದ್ಬಿಟ್ರು. ಆ ಬಸ್ಸಿನ ಮೆಟ್ಟಿಲು ನನ್ನ ಮಂಡಿಗಿಂತ ಎತ್ತರ.”

“ನೀವು ನಡೆದಿದ್ದನ್ನ ಅವರಿಗೆ ಯಾರು ಹೋಗಿ ಹೇಳ್ತಾರೆ?”

“ಆ ಡ್ರೈವರ್! ಪ್ರತಿ ಸಲ ‘ಕಾಲು ಹೇಗಿದೆ’ ಅಂತಾನೆ. ನನ್ನ ಕಾಲು ಕಟ್ಕೊಂಡು ಅವನಿಗೇನು? ಈ ಪಟ್ಟಿ ಕೈಯವನೂ ಅಷ್ಟೆ, ಆಗಿಂದ ಕಿವಿ ಇತ್ತಲೇ ಇಟ್ಟಿದ್ದಾನೆ.”

ದರ್ಜಿ ತಟ್ಟನೆ ತಲೆಯೆತ್ತಿ ಫ್ಯಾನು ನೋಡತೊಡಗಿದ.

ವ್ಯಾನು ಬಂತು. ಡ್ರೈವರ್ ಲಿಫ್ಟ್ ಇಳಿಸಿ ಒಳಗೆ ಬಂದ.

“ಕಾಲು ಹೇಗಿದೆ ಅಜ್ಜಿ?”

“ಕೊರಡಪ್ಪಾ, ಕೊರಡು. ಅಲ್ಲಾಡೋದೇ ಇಲ್ಲ.”

ಅವನು ಕುರ್ಚಿ ತಳ್ಳುತ್ತ ಅವಳ ಕಿವಿಯತ್ತ ಬಗ್ಗಿದ.

“ಹಾಗೇ ಇರ್ಲಿ. ಇವತ್ತಿಂದ ವ್ಯಾನೊಳಗೆ ಕ್ಯಾಮೆರಾ ಇದೆ. ಹೋದ ವಾರದ ಹಾಗೆ ಹಾಡಿಗೆ ಕಾಲು ಕುಣಿಸ್ಬೇಡಿ.”

ಅಜ್ಜಿ ಎರಡೂ ಕೈಯಿಂದ ಮಂಡಿಗಳನ್ನು ಅದುಮಿ ಹಿಡಿದಳು. ಲಿಫ್ಟ್ ಮೇಲೇರಿತು.