ಒಂದೇ ಸಲ ಕೂಗಿದ ಟೈಮರು

...ಒಂದೇ ಟಿಕ್ ಅಂದು ನಿಂತೋಯ್ತಾ ನಿನ್ ಪ್ರೋಗ್ರಾಮು? ಅಯ್ಯೋ ಗೌರಿ, ಆ ಲ್ಯಾಪ್‌ಟಾಪ್ ಈ ಕಡೆ ತಿರುಗ್ಸು. ಇದೇ ತಪ್ಪು ಮಾಡಿ ನಮ್ಮಪ್ಪನ್ನ ಕಳ್ಕೊಳ್ಳೋಳಿದ್ದೆ ಕಣೆ ನಾನು. ನಗಬ್ಯಾಡ, ನಿಮ್ಮಜ್ಜಿ ಬರೀ ರಾಗಿ ಬೀಸ್ದೋಳಲ್ಲ.

ಸತ್ತಿ ಪ್ಯಾಟೇಲಿ ಒಂದು ವರ್ಕ್‌ಶಾಪು, ನನ್ ಮೊದಲ್ನೇ ಕೆಲ್ಸ. ಮೊದಲಾಳಿ, ಅದೇ ಅದ್ರ ಯಜಮಾನ್ರು, ಒಂದು ಹಳೇ ಕಂಪ್ಯೂಟ್ರು ಕೊಟ್ಟು, "ಆನೆ ಬೇಲಿಗ ಇದನ್ನ ಕಟ್ಟಿ ನೋಡಮ್ಮ" ಅಂದ್ರು. ತಾಳಮಲೆ ಕಾಡ್ ತಾವ ನಮ್ಮೊಲ, ಜೋಳ ಆಳೆತ್ತರ ನಿಂತಿತ್ತು, ಅಲ್ಲೇ ಕಟ್ಟನ ಅಂತ ತಂದೆ. ಆ ಯಂತ್ರ ಎರಡು ಕೆಲ್ಸ ಮಾಡ್ಬೇಕು, ಗೊತ್ತಾ? ತಂತಿಗ ಟಕ್ ಟಕ್ ಅಂತ ಕರೆಂಟ್ ಬುಡೋದು ಒಂದು. ತಂತಿ ಕಡೀತಾ ಅಂತ ನೋಡಿ ಸೈರನ್ ಕೂಗ್ಸೋದು ಇನ್ನೊಂದು. ಪ್ರೊಸೆಸರ್ ಇರೋದು ಒಂದೇ. ಅದ್ಕ ಟೈಮರು ಗಳಿಗೆಗೊಂದ್ಸಲ "ಓಯ್" ಅಂತ ಕೂಗ್ತದೆ, ನಾವು ಈ ಕೆಲ್ಸ ನಿಲ್ಸಿ ಆ ಕೆಲ್ಸಕ್ಕ ಪಾಳಿ ಕೊಡ್ಬೇಕು. ಪ್ರೊಟೆಕ್ಟೆಡ್ ಮೋಡ್ ಅಂತ, ಯಂತ್ರನ ಪೂರಾ ನಮ್ ಕೈಗ ತಕ್ಕೊಂಡ್ಮೇಲ ಯಾರೂ ದಿಕ್ಕಿಲ್ಲ ಕಣೆ, ಎಲ್ಲಾ ನಾವೇ ಬರೀಬೇಕು. ಬರ್ದೆ. ಪಾಳಿ ಬದ್ಲಾಯ್ಸೋದ್ನ ಬರ್ದೆ, ಕೂಗ್ದ ಟೈಮರ್‌ಗ "ಓ, ಕೇಳಿಸ್ತು" ಅನ್ನೋ ಒಂದು ಸಾಲ್ನ ಬುಟ್ಬುಟ್ಟೆ. ಬುಡದೇ ಇನ್ನೇನು! ನಮ್ ಕಡೆ ಕಾಡಿಂದ ಕೂಗು ಬಂದ್ರ ಮೂರ್ಸಲ ಕೂಗೋಗಂಟ ಓ ಅನ್ನಂಗಿಲ್ಲ, ಒಂದೇ ಸಲ ಕೂಗೋದು ಮನುಷ್ಯರಲ್ಲ ಅಂತ ನಮ್ಮವ್ವ ಬಾಯಿಗ ಬೀಗ ಆಕಿದ್ಲು. ಆ ಬುದ್ಧಿ ಬೆರಳಿಗೂ ಬಂದಿತ್ತೋ ಏನೋ.

ಬೆಳಗ್ಗೆ ಮನೆ ಜಗಲೀಲಿ ಕೂತು ಆನ್ ಮಾಡ್ದೆ. ತಂತಿ ಟಕ್ ಟಕ್ ಅಂತು, ನಂಗ ಅಷ್ಟೇ ಸಾಕಾಗೋಯ್ತು. ಅಪ್ಪ, "ಸೈರನ್ ಕೂಗ್ಲಿಲ್ಲ ತಾನೇ? ಅಂಗಾರ ಆನೆ ಇಲ್ಲ ಬುಡು" ಅಂದು ಒಲಕ್ಕ ನಡ್ದ. ಮಂಜು ಅಂದ್ರ ಅಂತಾ ಮಂಜು, ನನ್ ಕೈ ನಂಗೇ ಕಾಣ್ದು. ಒಂದು ಕಾಗೆ ಸದ್ದಿಲ್ಲ. ತಂತಿ ಮಾತ್ರ ಟಕ್... ಟಕ್... ಆಗ "ಕೂಸೇ!" ಅಂತ ಒಂದು ಕೂಗು. ಅಪ್ಪಂದೇ ದನಿ. ನಾನು ತುಟಿ ಕಚ್ಕೊಂಡು ಕೂತೆ. ಪರದೆ ಕಡೆ ನೋಡ್ತೀನಿ, ಟೈಮರ್ ಕೂಗಿದ್ನ ಎಣಿಸೋ ಅಂಕಿ ಒಂದಕ್ಕೇ ನಿಂತದೆ! ನಾನು ಓ ಅನ್ದೇ ಇದ್ದುದ್ಕ ಅದು ಮತ್ತ ಕೂಗೇ ಇಲ್ಲ, ತಂತಿ ಕಾಯೋ ಕೆಲ್ಸಕ್ಕ ಪಾಳಿ ತಿರುಗಿ ಬಂದೇ ಇಲ್ಲ. ಅಷ್ಟರಲ್ಲಿ "ಕೂಸೇ!" ಎರಡ್ನೇದು, ಬೇಲಿ ತಾವಿಂದ. ಮೂರ್ನೇದು ಉಣ್ಸೆ ಮರದ ತಾವಿಂದ.

"ಓ ಅಪ್ಪಾ!" ಅಂತ ಕಿರ್ಚ್ಕೊಂಡು ಆ ದನಿ ಕಡೀಕೇ ಓಡ್ದೆ. ಬೇಲಿ ಮೇಲ ಮರ ಕೆಡವಿ ಆನೆ ಒಳಗ ಬಂದ್ಬುಟ್ಟಿತ್ತು. ಉಣ್ಸೆ ಮರದ ಅಡೀಲಿ ಅಪ್ಪ, ಕಾಲು ಮುರ್ದು, ಬಾಯಿಗ ಟವಲ್ ತುರುಕ್ಕೊಂಡು ಬಿದ್ದವ್ನೆ. ಪಕ್ಕದಲ್ಲೇ ಮಂಜೊಳಗ ಆನೆ ಉಸ್ರು ಬುಸ್ ಅಂತಿತ್ತು. ಎಷ್ಟೊತ್ತು ನಿಂತಿತ್ತೋ, ಆಮೇಲ ತಾನಾಗೇ ಸರಿದೋಯ್ತು.

ಎತ್ಕೊಂಡು ಬಂದು ಜಗಲಿ ಮೇಲ ಮಲಗ್ಸ್ದಾಗ ಅಪ್ಪ ಅಂದ, "ಒಂದ್ಸಲ ಕೂಗ್ದೆ ಕೂಸೇ, ನೀನು ಓ ಅನ್ಲಿಲ್ಲ. ಇನ್ ಕೂಗಿದ್ರ ಆನೆಗ ಗೊತ್ತಾಯ್ತದೆ ಅಂತ ಸುಮ್ಕಾದೆ."

"ಮೂರ್ಸಲ ಕೂಗ್ದಲ್ಲಪ್ಪಾ?"

"ಇಲ್ಲ ಕಣವ್ವ. ಒಂದೇ ಸಲ."

ಅಂಗಾರ ಇನ್ನೆರಡು ಸಲ ಕೂಗ್ದೋರು ಯಾರು? ಇವತ್ಗೂ ಗೊತ್ತಿಲ್ಲ. ಯಾರಾದ್ರೂ ಆಗ್ಲಿ, ಕೈ ಮುಗೀತೀನಿ. ನೀನು ಮಾತ್ರ ಆ ಒಂದು ಸಾಲ್ನ ಈಗ್ಲೇ ಬರಿ ಮಗ. ಕೂಗ್ದೋರ್ಗ ಓ ಅನ್ನು, ಅಷ್ಟೇ. ಎಲ್ಲಾರ್ಗೂ ಮೂರ್ಸಲ ಕೂಗೋ ಶಕ್ತಿ ಇರಾಕಿಲ್ಲ.