ಅಪ್ಪನ ಬಾಯಿಗೆ ಬಂದದ್ದು

ಕೈಗೆ ಪಟ್ಟಿ ಕಟ್ಟಿಸಿಕೊಂಡ ಎಲೆಕ್ಟ್ರಿಷಿಯನ್ ಆಸ್ಪತ್ರೆಯ ಔಷಧಿ ಸಾಲಿನಲ್ಲಿ ನಿಂತು ನಿಂತು ಸುಸ್ತಾಗಿದ್ದ. ಅವನ ಮುಂದಿದ್ದ ಹುಡುಗಿಯ ಬಳಿಗೆ ಅವಳ ಅಕ್ಕ ದಾಪುಗಾಲು ಹಾಕುತ್ತ ಬಂದಳು.

"ಅಪ್ಪ ಬಾಯಿ ಬಿಟ್ರು ಕಣೇ."

"ಮತ್ತೆ 'ಅದು, ಅದು' ಅಂದ್ರಾ? ಸ್ಟ್ರೋಕ್ ಆದಾಗಿಂದ ಅದೊಂದನ್ನೇ ಕೇಳಿ ಸಾಕಾಗಿದೆ."

"ಅಲ್ವೇ. ಮಾತು ಕಲಿಸೋ ಮೇಡಂ, 'ಸೆಲೆಕ್ಟ್ ಅನ್ನೋದನ್ನ ಬೇರೆ ಹೇಗೆ ಹೇಳ್ತೀರಿ' ಅಂದ್ರು. ಕೇಳಿದ್ದು ಯಾರನ್ನ? ಮೂವತ್ತು ವರ್ಷ ಬಟ್ಟೆ ಅಂಗಡೀಲಿ ನಿಂತೋರನ್ನ."

"ಏನಂದ್ರು?"

"ಮೊದಲು ಬೆವರಿದ್ರು. ಆಮೇಲೆ 'ಆರಿಸಿ' ಅಂದ್ರು. 'ಆಯ್ಕೊಳ್ಳಿ' ಅಂದ್ರು. 'ಯಾವುದು ಒಪ್ಪುತ್ತೋ ತಗೊಳ್ಳಿ ಅಮ್ಮ, ಬಲವಂತ ಇಲ್ಲ' ಅಂದ್ರು."

ತಂಗಿ ಕೈಯಲ್ಲಿದ್ದ ಚೀಟಿಯಿಂದಲೇ ಮೂಗು ಒರೆಸಿಕೊಂಡಳು.

"ಔಷಧಿ ಚೀಟಿ ಕಣೇ ಅದು."

"ಇರ್ಲಿ ಬಿಡು. ಮೇಡಂ ಏನಂತಾರೆ?"

"ದಾರಿ ಸಿಕ್ಕಿದೆ, ಉಳಿದಿದ್ದೂ ನಿಧಾನಕ್ಕೆ ಬರುತ್ತೆ ಅಂತಾರೆ. ಅಷ್ಟರಲ್ಲಿ ಅಪ್ಪ ನನ್ನ ಅಂಗಿ ಮುಟ್ಟಿ ನೋಡಿ, 'ಈ ಬಣ್ಣ ಯಾರು ಆರಿಸಿದ್ದು' ಅಂತ ಮುಖ ಸಿಂಡರಿಸಿದ್ರು."

"ನಾಳೆಯಿಂದ ಅಡುಗೆಗೂ ಹೆಸರಿಡ್ತಾರೆ."

"ಇಡಲಿ ಬಿಡೇ. ಎರಡು ತಿಂಗಳು ಹಾಕಿದ್ದನ್ನ ತೆಪ್ಪಗೆ ತಿಂದಿದ್ದು ನೋಡೋಕೆ ಆಗ್ತಿರ್ಲಿಲ್ಲ."

ಕಿಟಕಿಯ ಮುಂದೆ ತಂಗಿಯ ಸರದಿ ಬಂದಿತ್ತು. ಅವಳು ಎಲೆಕ್ಟ್ರಿಷಿಯನ್ ಕಡೆ ತಿರುಗಿದಳು.

"ಅಣ್ಣಾ, ನೀವು ತಗೊಳ್ಳಿ. ನಾನು ಮೊದಲು ಅಪ್ಪನ ಹತ್ರ ಹೋಗಿ ಬೈಸ್ಕೊಂಡು ಬರ್ತೀನಿ."